ಪತ್ರದಾಗ 30×40, ಅಳದ್ರ ಬ್ಯಾರೆನ ಬರ್ತೈತಿ, ಸೈಟ್ ಪ್ಲಾನ್ ಹೆಂಗ ಹಾಕ್ಸೋದ್ರಿ?

ಗೋಕುಲರೋಡ್_ಹುಡುಗ:
ನಮಸ್ಕಾರ್ರೀ. ಹುಬ್ಬಳ್ಳ್ಯಾಗ ಗೋಕುಲ ರೋಡ್ ಕಡೆ ನಮ್ಮಪ್ಪ ತಗೊಂಡಿದ್ದ ಎನ್ಎ (ಕೃಷಿಯೇತರ) ಪ್ಲಾಟ್ ಐತಿ, ದಕ್ಷಿಣಕ್ಕ ರಸ್ತೆ, ಖರೀದಿ ಪತ್ರದಾಗ 30×40, ಉತಾರದಾಗೂ (ಆಸ್ತಿ ದಾಖಲೆ) ಅಷ್ಟ. ಪರ್ಮಿಶನ್‌ಗಂತ ಒಬ್ರ ಕಡೆ ಪ್ಲಾನ್ ಹಾಕ್ಸಿದ್ವಿ, ಅವ್ರು ಜಾಗಾಕ್ಕ ಬರಲೇ ಇಲ್ಲ, ಪತ್ರ ನೋಡ್ಕೊಂತ ಕಂಪ್ಯೂಟರ್ ಮುಂದ ಕುಂತು ಗೆರಿ ಎಳದು ಕೊಟ್ರು. ಈಗ ಜಾಗಾ ನೋಡಾಕ ಬಂದವ್ರು ಟೇಪ್ ಹಿಡದು, ಹಿಂದಿನ ಬದಿ 28 ಫೂಟ್ 6 ಇಂಚ್ ಅಷ್ಟ ಐತಿ ಅಂತ ಫೈಲ್ ವಾಪಸ್ ಕಳಿಸ್ಯಾರ. ಪ್ಲಾನ್‌ನ್ಯಾಗ ಆ ಒಂದ್ ಗೆರಿ ತಿದ್ದಿದ್ರ ಸಾಕೇನು? ಗವಂಡಿ ಬ್ಯಾರೆ ಪಾಯಾ ಯಾವಾಗ ಅಂತ ದಿನಾ ಫೋನ್ ಮಾಡಾಕತ್ಯಾನ.

ಧಾರವಾಡ_ಸಿವಿಲ್:
ತಡೀರಿ, ತಿದ್ದೂದು ಆಮ್ಯಾಲ. ಮೂಲಿಯಿಂದ ಮೂಲಿಗೆ ಅಡ್ಡ ಟೇಪ್ ಹಿಡೀರಿ. 30×40 ಸರಿಯಾಗಿದ್ರ ಎರಡೂ ಕಡೆ 50 ಫೂಟ್ ಬರಬೇಕು, ಯಾವ್ದು ಕಡಿಮಿ ಬರ್ತೈತೋ ಅದರ ಹಿಂದಿನ ಮೂಲಿ ಒಳಗ ಸರದೈತಿ ಅಂತ ಲೆಕ್ಕ. 1200 ಹೋಗಿ 1170 ಚದರ ಫೂಟ್ ಆತು, ಅದೇನ್ ದೊಡ್ಡದಲ್ಲ, ಆದ್ರ ಓರೆ ಇದ್ದ ಕಡೆ ಹಿಂದ ಹೋದಂಗ ಸೆಟ್‌ಬ್ಯಾಕ್ (ಹದ್ದಿಗೂ ಗ್ವಾಡಿಗೂ ನಡುವ ಬಿಡೋ ಜಾಗಾ) ಕರಗತೈತಿ, ಗ್ವಾಡಿ ಅಲ್ಲಿಂದ ಒಳಗ ತಗೋಬೇಕು. ಅಡಗಿಮನಿ ಆ ಬದೀಗೆ ಇಟ್ಟಿದ್ರ ರೂಮ್ ಎಲ್ಲಾ ಮತ್ತ ಹಾಕ್ಸಬೇಕಾಗತೈತಿ.

ಗೋಕುಲರೋಡ್_ಹುಡುಗ:
ಅಳದ್ವಿ ಸರ. ಒಂದು ಬರಾಬರ್ 50, ಇನ್ನೊಂದು 49 ಫೂಟ್ 1 ಇಂಚ್. ಈಶಾನ್ಯ ಮೂಲಿ! ನಮ್ಮವ್ವಗ ಗೊತ್ತಾದ್ರ ಮನಿ ಕಟ್ಟೂದ ಬ್ಯಾಡ ಅಂತಾಳ. ಆ ಬದೀಗೆ ಬಾಜೂ ಕಾಕಾ ಕಂಪೌಂಡ್ ಕಟ್ಯಾರ, ಸಣ್ಣಾಂವ ಇದ್ದಾಗಿಂದ ನೋಡೀನಿ, ಅವ್ರನ್ನ ಹೆಂಗ್ ಕೇಳಲಿ?

ಉತಾರ_ಬೇಕು:
ಕಾಕಾನ ಕೇಳಬ್ಯಾಡ್ರಿ ಇನ್ನೂ. ಹುಡಾದಾಗ (ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರಾದ ಲೇಔಟ್ ನಕಾಶೆ ತಗ್ಸಿ ನೋಡ್ರಿ, ಅದ್ರಾಗ ನಿಮ್ ಪ್ಲಾಟ್ ಮದ್ಲ ಓರೆ ಇದ್ರ ಅವ್ರದೇನೂ ತಪ್ಪಿಲ್ಲ, ಪತ್ರ ಬರದಾವ್ರು ಸುಮ್ನ 30×40 ಅಂತ ಬರದಾರ. ನಕಾಶೆದಾಗ ಸರಿ ಇದ್ರ ಸರ್ವೇಕ್ಕ ಅರ್ಜಿ ಹಾಕಿ ಹದ್ದು ತೋರಸ್ಕೊಳ್ರಿ, ಸಿಟಿಎಸ್ (ಸಿಟಿ ಸರ್ವೇ) ನಂಬರ್ ಇದ್ರ ಸಿಟಿ ಸರ್ವೇ ಆಫೀಸ್‌ನ್ಯಾಗ. ಅಳಿಯೂ ದಿನ ಕಾಕಾನೂ ಅಲ್ಲೇ ನಿಂತಿರಲಿ, ಚಾ ಕುಡಸ್ರಿ.

ಧಾರವಾಡ_ಸಿವಿಲ್:
ಹೌದ, ಅಲ್ಲೀತನಾ ಪಾಯಾ ತಗೀಬ್ಯಾಡ್ರಿ. ಮತ್ತ ಹೊಸಾ ಪ್ಲಾನ್‌ನ್ಯಾಗ ಉತ್ತರ ದಿಕ್ಕಿನ ಬಾಣ, ರಸ್ತೆ ಅಗಲ, ನಾಲ್ಕೂ ಕಡೆ ಯಾರ್ಯಾರದು ಅಂತ, ಒಳಚರಂಡಿ ಲೈನ್, ಇವಿಷ್ಟೂ ಬಂದಾವೇನು ನೋಡ್ಕೊಳ್ರಿ. ಸಂಪ್ ಮರಿಬ್ಯಾಡ್ರಿ, ನಮ್ಮಲ್ಲಿ ಮಲಪ್ರಭಾ ನೀರು ದಿನಾ ಎಲ್ಲಿ ಬರ್ತಾವು, 8×6 ಅಗಲಕ್ಕ 5 ಫೂಟ್ ಆಳ ಇಟ್ರ ಸುಮಾರು 6800 ಲೀಟರ್ ಹಿಡಿತೈತಿ. ಎರಿಮಣ್ಣು (ಕಪ್ಪು ಮಣ್ಣು) ಇದ್ರ ಸಂಪ್ ಗುಂಡಿ ಪಾಯಾದ ಬಾಜೂಕ ತಗೀಬ್ಯಾಡ್ರಿ.

ಗೋಕುಲರೋಡ್_ಹುಡುಗ:
ಎರಿಮಣ್ಣ ಐತ್ರಿ. ನಾಳೆ ಹುಡಾಕ್ಕ ಹೋಗಿ ಬರ್ತೀನಿ, ಗವಂಡಿಗೆ ಬ್ಯಾರೆ ಕೆಲಸ ಹಿಡಕೊಳಪಾ ಅಂದೀನಿ.