‘ಒಂಟಿ ತೋಳ’ ಹೆಡ್ಡಿಂಗ್: ಪತ್ರಕರ್ತರ ಬ್ಯಾಚ್ ಗುಂಪಿನಲ್ಲಿ ನಡೆದ ವಾದ

ಸುಮಾ: [ಸ್ಕ್ರೀನ್‌ಶಾಟ್: ‘ಒಂಟಿ ತೋಳ ದಾಳಿ: ಮೂವರು ಬಲಿ’]
ವಿದೇಶ ಪುಟದ ಸುದ್ದಿ ಇದು. ಚಾಕು ಹಿಡಿದವನೊಬ್ಬ ಜನರ ಮೇಲೆ ಎರಗಿದ್ದಾನೆ. ಸುದ್ದಿ ಏಜೆನ್ಸಿಯ ಇಂಗ್ಲಿಷ್ ಕಾಪಿಯಲ್ಲಿದ್ದ ‘ಲೋನ್ ವುಲ್ಫ್’ ಅನ್ನು ಪದಕ್ಕೆ ಪದ ಕನ್ನಡಕ್ಕೆ ಇಳಿಸಿದ್ದಾರೆ. ಮೊಬೈಲ್ ನೋಟಿಫಿಕೇಶನ್‌ನಲ್ಲಿ ಇಷ್ಟೇ ಕಾಣೋದು. ಓದಿದವರು ಕಾಡುಪ್ರಾಣಿ ಅಂದ್ಕೊಳ್ಳಲ್ವಾ?

ಪ್ರಕಾಶ: ಈ ಮಾತು ಈಗ ರೂಢಿಗೆ ಬಂದಿದೆ ಸುಮಾ. ‘ಸಂಘಟನೆಯ ನೆರವಿಲ್ಲದೆ ಒಬ್ಬನೇ ನಡೆಸಿದ ದಾಳಿ’ ಅಂತ ಬರೆದರೆ ಸಿಂಗಲ್ ಕಾಲಂನಲ್ಲಿ ಮೂರು ಸಾಲು ತಿನ್ನುತ್ತೆ.

ಸುಮಾ: ಅಷ್ಟುದ್ದ ಯಾಕೆ ಬೇಕೋ? ‘ಒಬ್ಬನಿಂದ ದಾಳಿ’ ಅನ್ನು. ಅಕ್ಷರ ಎಣಿಸು, ಒಂಟಿ ತೋಳ ದಾಳಿಗೂ ಆರು, ಇದಕ್ಕೂ ಆರು. ‘ಚಾಕು ದಾಳಿ’ಗೆ ನಾಲ್ಕೇ. ಇನ್ನೊಂದು ನೋಡು, ಕನ್ನಡದಲ್ಲಿ ‘ತೋಳ’ ಅಂದರೆ ತೋಳಿನ ಅಂತಲೂ ಆಗುತ್ತೆ. ತೋಳಬಲ, ತೋಳತೆಕ್ಕೆ ಅಂತೀವಲ್ಲ. ಎದುರಿಗೆ ಫೋಟೊ ಇಲ್ಲದೆ ಈ ಪದ ಒಂಟಿಯಾಗಿ ನಿಂತರೆ ಕಣ್ಣು ಎಡವುತ್ತೆ.

ನಾಗರಾಜ್ ಸರ್: 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳು ಜನರ ಮೇಲೆ ಎರಗಿದ ಸುದ್ದಿ ನೆನಪಿಸಿಕೊಳ್ಳಿ. ಆರು ತೋಳಗಳ ಗುಂಪು ಅಂತ ಅರಣ್ಯ ಇಲಾಖೆ ಹೇಳಿತ್ತು. ಐದನ್ನು ಹಿಡಿದ ಮೇಲೆ ಉಳಿದದ್ದು ನಿಜಕ್ಕೂ ಒಂಟಿ ತೋಳ! ಆ ವಾರ ‘ಒಂಟಿ ತೋಳ ದಾಳಿ’ ಅಂದರೆ ಪ್ರಾಣಿಯೋ ಮನುಷ್ಯನೋ, ಹೆಡ್ಡಿಂಗ್ ನೋಡಿ ಹೇಳೋದು ಹೇಗೆ?

ಪ್ರಕಾಶ: ಸರಿ ಸರ್, ತೋಳ ಬೇಡ. ‘ಒಂಟಿ ಸಲಗ’ ನಮ್ಮದೇ ಮಾತಲ್ವಾ?

ಸುಮಾ: ಅದಂತೂ ಬೇಡವೇ ಬೇಡ. ಯಾರ ಹಂಗೂ ಇಲ್ಲದೆ ಗೆದ್ದವನನ್ನು ಒಂಟಿ ಸಲಗ ಅಂತ ಹೊಗಳ್ತೀವಿ. ಕೊಲೆಗಾರನಿಗೆ ಆ ಬಿರುದು ಕೊಡೋದಾ?

ನಾಗರಾಜ್ ಸರ್: ತೋಳದ ತೊಂದರೆಯೂ ಅದೇ ಸುಮಾ. 1990ರ ದಶಕದಲ್ಲಿ ಅಮೆರಿಕದ ಬಿಳಿಯ ಜನಾಂಗವಾದಿಗಳಾದ ಟಾಮ್ ಮೆಟ್ಜರ್, ಅಲೆಕ್ಸ್ ಕರ್ಟಿಸ್ ಈ ಮಾತನ್ನು ಹರಡಿದ್ದು ಬೈಗುಳವಾಗಿ ಅಲ್ಲ, ತಮ್ಮವರನ್ನು ಹುರಿದುಂಬಿಸೋಕೆ. ಒಬ್ಬೊಬ್ಬರೇ ಹೊರಡಿ, ಗುಂಪಿನ ಸುಳಿವು ಬಿಡಬೇಡಿ ಅನ್ನೋದು ಅವರ ಉಪದೇಶ. ಅವರೇ ಇಟ್ಟುಕೊಂಡ ಮೆಚ್ಚುಗೆಯ ಹೆಸರನ್ನು ನಾವು ಹೆಡ್ಡಿಂಗ್ ಮಾಡ್ತಿದ್ದೀವಿ. ನಿಜವಾದ ಒಂಟಿ ತೋಳಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ತೋಳದ ಹಿಂಡು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ. ಬೆಳೆದ ಮರಿ ಜೋಡಿಯನ್ನೂ ಜಾಗವನ್ನೂ ಹುಡುಕಿಕೊಂಡು ಹೊರಡುತ್ತೆ, ಅಷ್ಟು ದಿನ ಒಂಟಿ.

ಇಮ್ರಾನ್: ಕ್ರೀಡಾ ಪುಟದ ಕಡೆಯಿಂದ ಒಂದು ಮಾತು. ‘ತೋಳಗಳಿಗೆ ಸೋಲು’ ಅಂತ ಬರೆದರೆ ಆಗಲ್ಲ. ವುಲ್ವ್ಸ್ ಅನ್ನೋದು ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಕ್ಲಬ್‌ನ ಅಡ್ಡಹೆಸರು. ಇಂಗ್ಲಿಷ್‌ನಲ್ಲಿ ದೊಡ್ಡಕ್ಷರ ಇರೋದರಿಂದ ಹೆಸರು ಯಾವುದು, ಪ್ರಾಣಿ ಯಾವುದು ಅಂತ ಗೊತ್ತಾಗುತ್ತೆ. ನಮ್ಮ ಲಿಪಿಯಲ್ಲಿ ಆ ಗುರುತು ಇಲ್ಲ. ಅದಕ್ಕೇ ಹೆಸರನ್ನು ಅನುವಾದ ಮಾಡದೆ, ಮೊದಲ ಸಲ ಬರೆಯುವಾಗ ಅದು ಏನು ಅಂತ ತಿಳಿಸೋ ಪದವೊಂದನ್ನು ಜೊತೆಗೆ ಹಾಕಬೇಕು: ವುಲ್ವ್ಸ್ ತಂಡ, ವುಲ್ಫ್ ಪ್ರಶಸ್ತಿ, ವುಲ್ಫ್ ಜ್ವಾಲಾಮುಖಿ. ಗಲಾಪಗೋಸ್‌ನ ಆ ಜ್ವಾಲಾಮುಖಿಗೆ ಹೆಸರು ಬಂದದ್ದು ಜರ್ಮನ್ ಭೂವಿಜ್ಞಾನಿ ಟಿಯೋಡೋರ್ ವುಲ್ಫ್‌ರಿಂದ. ‘ತೋಳ ಜ್ವಾಲಾಮುಖಿ’ ಅಂದರೆ ಸುದ್ದಿಯೇ ತಪ್ಪು.

ಸುಮಾ: ಯಾವಾಗಲೂ ಅನುವಾದ ಬೇಡ ಅಂತೀಯಾ?

ಇಮ್ರಾನ್: ಪ್ರಾಣಿಯೇ ಸುದ್ದಿಯ ಅರ್ಥವಾಗಿದ್ದರೆ ಮಾಡಲೇಬೇಕು. 2024ರ ಯೂರೊ ಕಪ್‌ನಲ್ಲಿ ಟರ್ಕಿಯ ಮೆರಿಹ್ ಡೆಮಿರಾಲ್ ಆಸ್ಟ್ರಿಯಾ ವಿರುದ್ಧ ಗೋಲು ಹೊಡೆದು, ಬೆರಳುಗಳಲ್ಲೇ ತೋಳದ ಮುಖ ಮಾಡಿ ತೋರಿಸಿದ್ದಕ್ಕೆ ಎರಡು ಪಂದ್ಯ ನಿಷೇಧ ಆಯ್ತು. ಅಲ್ಲಿ ಬರೀ ‘ಗ್ರೇ ವುಲ್ವ್ಸ್ ಸನ್ನೆ’ ಅಂದರೆ ಓದುಗನಿಗೆ ಏನೂ ಸಿಗಲ್ಲ. ‘ಗ್ರೇ ವುಲ್ವ್ಸ್ ಎಂಬ ಉಗ್ರ ಬಲಪಂಥೀಯ ಸಂಘಟನೆಯ ಜೊತೆ ಗುರುತಿಸಲಾಗುವ ತೋಳದ ಸನ್ನೆ’ ಅಂತ ಬಿಡಿಸಿ ಹೇಳಬೇಕು.

ಪ್ರಕಾಶ: ‘ತೋಳ ಬಂತು ತೋಳ’ನೂ ಬಿಡಬೇಕಾ ಹಾಗಾದ್ರೆ?

ಸುಮಾ: ಅದು ಎಲ್ಲರಿಗೂ ಗೊತ್ತಿರೋ ಕಥೆ, ಯಾರೂ ಪ್ರಾಣಿ ಅಂತ ಗಾಬರಿಯಾಗಲ್ಲ. ಆದರೆ ಎಲ್ಲಿ ಬಳಸ್ತೀವಿ ನೋಡಬೇಕು. ಹವಾಮಾನ ಇಲಾಖೆ ಮಳೆ ಅಂದಿತ್ತು, ಬರಲಿಲ್ಲ, ಹೆಡ್ಡಿಂಗ್ ‘ತೋಳ ಬಂತು ತೋಳ’. ಕಥೆಯ ಹುಡುಗ ಬೇಕೆಂದೇ ಸುಳ್ಳು ಹೇಳಿದವನು. ಮುನ್ಸೂಚನೆ ತಪ್ಪಿದ್ದು ಸುಳ್ಳಲ್ಲ. ಜೊತೆಗೆ, ಕೊನೆಗೆ ತೋಳ ನಿಜವಾಗಿ ಬಂತು ಅನ್ನೋದನ್ನೇ ಮರೀತೀವಿ. ಇಂಥ ಹೆಡ್ಡಿಂಗ್ ಓದಿದವರು ಮುಂದಿನ ರೆಡ್ ಅಲರ್ಟ್‌ಗೆ ಕಿವಿಗೊಡದೆ ಹೋದರೆ?

ಪ್ರಕಾಶ: ಇದನ್ನ ಒಪ್ಪಿದೆ. ಪೊಲೀಸ್ ಅಧಿಕಾರಿಯೇ ‘ಲೋನ್ ವುಲ್ಫ್’ ಅಂದಿದ್ದರೆ? ಅವರ ಮಾತು ತಿದ್ದೋಕೆ ಆಗಲ್ಲ.

ನಾಗರಾಜ್ ಸರ್: ಉದ್ಧರಣ ಚಿಹ್ನೆಯೊಳಗೆ ‘ಲೋನ್ ವುಲ್ಫ್’ ಅಂತಲೇ ಇಡು, ಪಕ್ಕದಲ್ಲಿ ಅರ್ಥ ಬರೆ, ಹೆಡ್ಡಿಂಗ್‌ಗೆ ಎತ್ತಬೇಡ. ‘ಒಬ್ಬನೇ’ ಅನ್ನೋದನ್ನೂ ಪೊಲೀಸರ ಬಾಯಿಗೇ ಬಿಡು: ‘ಒಬ್ಬನ ಕೃತ್ಯ, ಪೊಲೀಸರ ಶಂಕೆ’. ಮೊದಲ ದಿನ ಒಬ್ಬ ಅಂದವರು ಮೂರನೇ ದಿನ ಆಯುಧ ಕೊಟ್ಟವನನ್ನೂ ಹಿಡಿಯಬಹುದು.

ಸುಮಾ: ಆನ್‌ಲೈನ್ ಹೆಡ್ಡಿಂಗ್ ‘ಚಾಕು ದಾಳಿ: ಮೂವರು ಬಲಿ’ ಅಂತ ಬದಲಾಗಿದೆ, ಈಗ ನೋಡಿದೆ. ಲಿಂಕ್‌ನ ವಿಳಾಸದಲ್ಲಿ ಮಾತ್ರ ತೋಳ ಇನ್ನೂ ಇದೆ.

ಪ್ರಕಾಶ: ಲಿಂಕ್‌ನಲ್ಲೂ ತಿದ್ದಿ, ಹಳೆಯದನ್ನು ಹೊಸದಕ್ಕೆ ರೀಡೈರೆಕ್ಟ್ ಮಾಡೋಕೆ ಹೇಳು. ಹಾಗೇ ತಿದ್ದಿದರೆ ಈಗಾಗಲೇ ಶೇರ್ ಆಗಿರೋದೆಲ್ಲ ತೆರೆಯೋದೇ ಇಲ್ಲ.