ಪದಚರ್ಚೆ: ಲ್ಯಾಪ್‌ಟಾಪಿನೊಳಗಿನ ಮೊಬೈಲ್ ಮೋಡೆಮ್‌ಗೆ ಸಂಬಂಧಿಸಿದ ‘ಅನ್‌ಲಾಕ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಸಾಗರದಿಂದ:

ಮಾನ್ಯರೇ,

ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಕೆಲವು ಪ್ರೌಢಶಾಲೆಗಳಿಗೆ ನಾವು ಗೆಳೆಯರು ಸೇರಿ ಬಳಸಿದ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳನ್ನು ದುರಸ್ತಿ ಮಾಡಿ, ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿ ಕೊಡುತ್ತಿದ್ದೇವೆ. ಆ ಶಾಲೆಗಳಿಗೆ ಫೈಬರ್ ಇನ್ನೂ ಬಂದಿಲ್ಲವಾದ್ದರಿಂದ, ಲ್ಯಾಪ್‌ಟಾಪಿನ ಒಳಗೇ ಕೂರಿಸಿರುವ, ಸಿಮ್ ಹಾಕಿದರೆ ಅಂತರ್ಜಾಲ ಒದಗಿಸುವ ಮೋಡೆಮ್ಮೇ ಅಲ್ಲಿನ ಶಿಕ್ಷಕರಿಗೆ ಇರುವ ದಾರಿ. ಯಂತ್ರದ ಜೊತೆಗೆ ಕೊಡಬೇಕಾದ ಕನ್ನಡ ಕೈಪಿಡಿ ಶುಕ್ರವಾರ ಅಚ್ಚಿಗೆ ಹೋಗಬೇಕಿದೆ. ಆದ್ದರಿಂದ ಆದಷ್ಟು ಬೇಗ ಸಲಹೆ ಕೊಡಬೇಕೆಂದು ಕೋರುತ್ತೇನೆ.

ತೊಡಕು ‘ಅನ್‌ಲಾಕ್’ ಎಂಬ ಪದದ್ದು. ಇಂಗ್ಲಿಷ್ ಮೂಲದಲ್ಲಿ ಅದು ಮೂರು ಬೇರೆ ಕೆಲಸಗಳಿಗೆ ಬಂದಿದೆ. ಮೊದಲನೆಯದು, ಸಿಮ್‌ಗೆ ಪಿನ್ ಇದ್ದರೆ ಅದನ್ನು ನಮೂದಿಸುವುದು. ಎರಡನೆಯದು, ಒಂದೇ ಕಂಪನಿಯ ಸಿಮ್ ಸ್ವೀಕರಿಸುವಂತೆ ಕಟ್ಟಿಹಾಕಿದ ಮೋಡೆಮನ್ನು ಬೇರೆ ಕಂಪನಿಗಳ ಸಿಮ್‌ಗೂ ಒಗ್ಗಿಸುವುದು. ಮೂರನೆಯದು ಎಫ್‌ಸಿಸಿ ಅನ್‌ಲಾಕ್. ಅಮೆರಿಕದ ಸಂವಹನ ಆಯೋಗವಾದ ಎಫ್‌ಸಿಸಿಯ ಪ್ರಮಾಣಪತ್ರವು ಲ್ಯಾಪ್‌ಟಾಪ್ ಮತ್ತು ಮೋಡೆಮ್ ಎರಡಕ್ಕೂ ಜೋಡಿಯಾಗಿ ಸಿಗುವುದರಿಂದ, ತಾನು ಸರಿಯಾದ ಯಂತ್ರದಲ್ಲೇ ಇದ್ದೇನೆಂದು ಖಾತರಿಯಾಗುವವರೆಗೂ ಮೋಡೆಮ್ ರೇಡಿಯೊ ಹೊತ್ತಿಸದಂತೆ ತಯಾರಕರು ಅದರೊಳಗೆ ವ್ಯವಸ್ಥೆ ಮಾಡಿರುತ್ತಾರೆ. ಆ ಖಾತರಿಯ ಆಜ್ಞೆಯನ್ನು ಕಳಿಸುವುದೇ ಎಫ್‌ಸಿಸಿ ಅನ್‌ಲಾಕ್. ಇಲ್ಲಿ ಸಿಮ್‌ಗಾಗಲೀ ಪಿನ್‌ಗಾಗಲೀ ಯಾವ ಪಾತ್ರವೂ ಇಲ್ಲ.

ಮೂರಕ್ಕೂ ‘ಬೀಗ ತೆಗೆಯಿರಿ’ ಎಂದಿದ್ದ ಕರಡನ್ನು ಓದಿದ ಶಿಕ್ಷಕರೊಬ್ಬರು ಮೂರನೆಯ ಹಂತದಲ್ಲಿ ಸಿಮ್‌ನ ಪಿನ್ ಯಾವುದೆಂದು ಹುಡುಕತೊಡಗಿದರು. ಪಿನ್ ಮೂರು ಸಲ ತಪ್ಪಿದರೆ ಪಿಯುಕೆ ಸಂಖ್ಯೆ ಕೇಳುತ್ತದೆ, ಅದೂ ಹತ್ತು ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಕೆಡುತ್ತದೆ. ಹಾಗಾಗಿ ಇದು ಪದದ ಸೊಗಸಿನ ಪ್ರಶ್ನೆಯಷ್ಟೇ ಅಲ್ಲ. ಜೊತೆಗೆ, ‘ಬಿಲ್ಟ್-ಇನ್ ಮೊಬೈಲ್ ಬ್ರಾಡ್‌ಬ್ಯಾಂಡ್ ಮೋಡೆಮ್’ ಎಂಬುದಕ್ಕೆ ‘ಅಂತರ್ಗತ ಸಂಚಾರಿ ವಿಶಾಲಪಟ್ಟಿ ಮೋಡೆಮ್’ ಎಂದು ಬರೆದಿದ್ದೇನೆ. ಅದು ಸರಿಯೇ ಎಂದೂ ತಿಳಿಸಬೇಕು.

———

ತುಮಕೂರಿನಿಂದ:

ಸರಿಯಲ್ಲ. ನಾಲ್ಕು ಪದಗಳಲ್ಲಿ ಒಂದೂ ಕನ್ನಡದ್ದಲ್ಲ.

‘ಒಳ’ ಎಂಬ ಪದ ನಮ್ಮಲ್ಲಿರುವಾಗ ‘ಅಂತರ್ಗತ’ ಏಕೆ ಬೇಕು? ಮೋಡೆಮ್ ಎಂಬುದು ಮಾಡ್ಯುಲೇಟರ್ ಮತ್ತು ಡಿಮಾಡ್ಯುಲೇಟರ್ ಎಂಬ ಎರಡು ಪದಗಳ ತುಂಡುಗಳನ್ನು ಕೂಡಿಸಿ ಕಟ್ಟಿದ್ದು. ಇಂಗ್ಲಿಷಿನವರಿಗೆ ತುಂಡುಗಳಿಂದ ಪದ ಕಟ್ಟುವ ಹಕ್ಕಿದ್ದರೆ ನಮಗೂ ಇದೆ. ಅಲೆಯನ್ನು ಮಾರ್ಪಡಿಸಿ ಕಳಿಸುವ, ಬಂದ ಅಲೆಯನ್ನು ಬಿಡಿಸಿಕೊಡುವ ಸಾಧನವು ‘ಅಲೆಮಾರ್ಪುಗ’ ಆಗಲಿ, ಲ್ಯಾಪ್‌ಟಾಪಿನೊಳಗಿನದು ‘ಒಳ ಅಲೆಮಾರ್ಪುಗ’ ಆಗಲಿ. ಅನ್‌ಲಾಕ್‌ಗೆ ‘ಬೀಗ ತೆರೆ’ ಸಾಕು. ಮೂರು ಬಗೆಯ ಬೀಗಗಳಿದ್ದರೆ ‘ಸಿಮ್ ಬೀಗ’, ‘ಕಂಪನಿ ಬೀಗ’, ‘ಒಪ್ಪಿಗೆ ಬೀಗ’ ಎಂದು ಬರೆದರಾಯಿತು. ಹೊಸ ಪದಗಳನ್ನು ಶಾಲೆಯಲ್ಲೇ ಕಲಿಸದಿದ್ದರೆ ಇನ್ನೆಲ್ಲಿ ಕಲಿಸುವುದು?

———

ಮೈಸೂರಿನಿಂದ:

‘ಅಲೆಮಾರ್ಪುಗ’ ಎಂದರೆ ಯಾರಿಗೂ ತಿಳಿಯದು. ಆ ಮಾತನ್ನು ಮುಂದುವರಿಸುವ ಅಗತ್ಯ ನನಗೆ ಕಾಣುತ್ತಿಲ್ಲ.

ನನ್ನ ಆಕ್ಷೇಪ ಮೂಲ ಪ್ರಶ್ನೆಯಲ್ಲಿರುವ ‘ಅಂತರ್ಜಾಲ’ಕ್ಕೆ. ‘ಅಂತರ್’ ಎಂದರೆ ಒಳಗೆ ಎಂದರ್ಥ, ಅಂತರ್ಜಲ, ಅಂತರ್ಮುಖಿ, ಅಂತರ್ಗತ ಎಂಬಲ್ಲಿ ಇರುವಂತೆ. ಜಾಲ ಜಾಲಗಳ ನಡುವಿನ ಸಂಪರ್ಕಕ್ಕೆ ‘ಅಂತರಜಾಲ’ ಎಂದೇ ಬರೆಯಬೇಕು. ಒಂದು ಕಡೆ ‘ಅಂತರ್ಗತ ಮೋಡೆಮ್’ ಎಂದು ಬರೆದು, ಅದೇ ಪತ್ರದಲ್ಲಿ ‘ಅಂತರ್ಜಾಲ’ ಎಂದರೆ, ಒಂದೇ ಉಪಸರ್ಗಕ್ಕೆ ಎರಡು ಅರ್ಥ ಕೊಟ್ಟಂತಾಗುತ್ತದೆ. ಶಾಲೆಗೆ ಹೋಗುವ ಪುಸ್ತಕದಲ್ಲಿ ಇಂಥ ಅಶುದ್ಧಿ ಇರಬಾರದು. ತುಮಕೂರಿನವರು ಸೂಚಿಸಿದ ‘ಒಳ’ವನ್ನು ಮೋಡೆಮ್ ಜೊತೆ ಸೇರಿಸಿದರೆ ಅರಿಸಮಾಸವಾಗುತ್ತದೆ ಎಂಬುದನ್ನೂ ಗಮನಿಸಬೇಕು.

———

ಬೆಂಗಳೂರಿನಿಂದ:

ಮೊದಲು ಮೈಸೂರಿನ ಹಿರಿಯರ ಮಾತು. ಅರಿಸಮಾಸದ ವಿಚಾರ ಸಂಸ್ಕೃತ ಪದವು ಕನ್ನಡ ಪದದೊಡನೆ ಕೂಡುವಾಗ ಬರುತ್ತದೆ. ಇಂಗ್ಲಿಷಿನಿಂದ ಬಂದ ಪದಕ್ಕೆ ಅದನ್ನು ಹಚ್ಚಿದರೆ ‘ಬಸ್ಸುನಿಲ್ದಾಣ’ವನ್ನೂ ಕೈಬಿಡಬೇಕಾಗುತ್ತದೆ. ಸಂಸ್ಕೃತದಲ್ಲಿ ‘ಅಂತರ್’ಗೆ ಒಳಗೆ ಮತ್ತು ನಡುವೆ ಎಂಬ ಎರಡೂ ಅರ್ಥಗಳಿವೆ. ‘ಅಂತರ್’ ಮತ್ತು ‘ಅಂತರ’ಗಳ ನಡುವಿನ ಗಡಿ ನಾವು ಅನುಕೂಲಕ್ಕೆಂದು ಹಾಕಿಕೊಂಡದ್ದು. ಅನುಕೂಲವಿರುವುದರಿಂದ ನಾನೂ ‘ಅಂತರಜಾಲ’ ಎಂದೇ ಬರೆಯುತ್ತೇನೆ, ಆದರೆ ಇನ್ನೊಂದನ್ನು ಅಶುದ್ಧಿ ಎಂದು ಕರೆಯುವುದಿಲ್ಲ.

ಇನ್ನು ಕೈಪಿಡಿಗೆ ಬೇಕಾದ ಪದಗಳು. ನಾನು ಈ ಮೋಡೆಮ್‌ಗಳೊಡನೆ ಕೆಲಸ ಮಾಡಿದವನಾದ್ದರಿಂದ ಸಾಧನದ ನಡವಳಿಕೆಯಿಂದಲೇ ಹೊರಡುತ್ತೇನೆ.

ಮೋಡೆಮ್‌ಮ್ಯಾನೇಜರ್ ಎಂಬ ತಂತ್ರಾಂಶವು ಮೋಡೆಮ್‌ನ ಸ್ಥಿತಿಯನ್ನು ‘ಲಾಕ್ಡ್’ ಎಂದು ತೋರಿಸುವುದು ಸಿಮ್ ಪಿನ್‌ನಂಥ ಯಾವುದಾದರೂ ಸಂಖ್ಯೆಯನ್ನು ಕೇಳುತ್ತಿರುವಾಗ ಮಾತ್ರ. ಎಫ್‌ಸಿಸಿ ಲಾಕ್ ಇದ್ದಾಗ ಪರದೆಯ ಮೇಲೆ ಆ ಪದವೇ ಬರುವುದಿಲ್ಲ. ಮೋಡೆಮ್ ಪತ್ತೆಯಾಗಿರುತ್ತದೆ, ಆದರೆ ‘ಡಿಸೇಬಲ್ಡ್’ ಸ್ಥಿತಿಯಲ್ಲಿದ್ದು ‘ಪವರ್ ಸ್ಟೇಟ್’ ಎಂಬುದು ‘ಲೋ’ ಎಂದಿರುತ್ತದೆ, ಚಾಲೂ ಮಾಡಹೊರಟರೆ ಮೋಡೆಮ್ ಮೇಲೇಳುವುದಿಲ್ಲ. ಅಂದರೆ ಇಂಗ್ಲಿಷಿನಲ್ಲಿ ಒಂದೇ ಹೆಸರು ಹೊತ್ತ ಎರಡು ಸಂಗತಿಗಳು ಯಂತ್ರದ ಮೇಲೆ ಬೇರೆ ಬೇರೆಯಾಗಿಯೇ ಕಾಣುತ್ತವೆ. ಓದುವವರ ಕಣ್ಣಮುಂದೆ ಬೇರೆಯಾಗಿರುವುದನ್ನು ಕೈಪಿಡಿಯಲ್ಲಿ ಒಂದು ಮಾಡಬಾರದು. ತುಮಕೂರಿನ ಮಿತ್ರರ ‘ಸಿಮ್ ಬೀಗ’, ‘ಒಪ್ಪಿಗೆ ಬೀಗ’ಗಳು ಸಾಲದು ಎನ್ನುವುದು ಇದೇ ಕಾರಣಕ್ಕೆ. ಬೀಗ ಎಂದ ಕೂಡಲೇ ಓದುಗರು ಬೀಗದ ಕೈ ಹುಡುಕುತ್ತಾರೆ. ಎಫ್‌ಸಿಸಿ ವಿಷಯದಲ್ಲಿ ಅವರು ಹುಡುಕಬೇಕಾದ ಸಂಖ್ಯೆಯೇ ಇಲ್ಲ.

ಅದಕ್ಕೆ ಒಪ್ಪುವ ಪದ ನಮ್ಮ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ನ್ಯಾಯಾಲಯದ ತಡೆಯಾಜ್ಞೆಯನ್ನು ‘ತೆರವು’ ಮಾಡುತ್ತಾರೆ. ನಿಯಮಕ್ಕಾಗಿ ಹಾಕಿದ ತಡೆ, ಅದನ್ನು ಅಧಿಕಾರವಿದ್ದವರು ತೆಗೆಯುವುದು ಎಂಬ ಅರ್ಥ ಅದರಲ್ಲಿ ಆಗಲೇ ಇದೆ. ಆದ್ದರಿಂದ ‘ಎಫ್‌ಸಿಸಿ ತಡೆ ತೆರವು’ ಎಂದು ಬರೆಯಿರಿ. ಸಿಮ್‌ನದಕ್ಕೆ ಬೀಗವೂ ಬೇಡ, ‘ಪಿನ್ ನಮೂದಿಸಿ’ ಎಂಬಷ್ಟೇ ಸಾಕು. ಕಂಪನಿಯದಕ್ಕೆ ‘ಒಂದೇ ಕಂಪನಿಯ ಸಿಮ್‌ಗೆ ಸೀಮಿತವಾಗಿದೆ’ ಎಂದು ಬಿಡಿಸಿ ಬರೆಯಿರಿ. ಎಲ್ಲ ಕಡೆಯೂ ನಾಮಪದವೇ ಬೇಕೆಂಬ ಹಟ ಇಂಗ್ಲಿಷಿನಿಂದ ಬಂದದ್ದು. ಕನ್ನಡದ ವಾಕ್ಯ ಕ್ರಿಯಾಪದದ ಮೇಲೆ ನಿಂತರೆ ಹೆಚ್ಚು ನೇರವಾಗಿರುತ್ತದೆ.

ಈ ತೆರವಿನ ಕುರಿತು ಕೈಪಿಡಿಯಲ್ಲಿ ಒಂದು ಮಾತನ್ನು ವಿವರವಾಗಿ ಹೇಳಬೇಕು. ಡೆಬಿಯನ್ 11ರಲ್ಲಿದ್ದ ಮೋಡೆಮ್‌ಮ್ಯಾನೇಜರ್ ಸಿಯೆರಾ ಕಂಪನಿಯ ಇಎಂ7455ರಂಥ ಮೋಡೆಮ್‌ಗಳ ತಡೆಯನ್ನು ತಾನಾಗಿಯೇ ತೆಗೆಯುತ್ತಿತ್ತು. 1.18.4ನೆಯ ಆವೃತ್ತಿಯಿಂದ ಆ ಪದ್ಧತಿಯನ್ನು ನಿಲ್ಲಿಸಿ, ಬಳಸುವವರೇ ತಿಳಿದು ಅನುಮತಿಸಬೇಕೆಂದು ಬದಲಿಸಿದರು. ಡೆಬಿಯನ್ 12ರಲ್ಲಿ 1.20 ಇದೆ. ನಿನ್ನೆಯವರೆಗೆ ನಡೆಯುತ್ತಿದ್ದ ಮೋಡೆಮ್ ಹೊಸ ಆವೃತ್ತಿಗೆ ಏರಿದೊಡನೆ ಸುಮ್ಮನಾಗುವುದಕ್ಕೆ ಕಾರಣ ಇದೇ, ಸಾಧನ ಕೆಟ್ಟಿಲ್ಲ. ತೆರವಿನ ಸ್ಕ್ರಿಪ್ಟ್‌ಗಳು, ಅಂದರೆ ಆಜ್ಞೆಗಳ ಸಣ್ಣ ಕಡತಗಳು, ಡೆಬಿಯನ್ ಜೊತೆಗೇ ಬಂದಿರುತ್ತವೆ, ಮೋಡೆಮ್‌ನ ತಯಾರಕರ ಗುರುತುಸಂಖ್ಯೆಯಿಂದಲೇ ಅವುಗಳ ಹೆಸರು ಶುರುವಾಗುತ್ತದೆ. ಸಿಯೆರಾದ್ದು 1199. ಅದಕ್ಕೆ ಇಟಿಸಿ ಕೋಶದಲ್ಲಿರುವ ಮೋಡೆಮ್‌ಮ್ಯಾನೇಜರ್‌ನ ‘ಎಫ್‌ಸಿಸಿ-ಅನ್‌ಲಾಕ್.ಡಿ’ ಉಪಕೋಶದಿಂದ ಒಂದು ಕೊಂಡಿ ಹಾಕಿ, ಮೋಡೆಮ್‌ಮ್ಯಾನೇಜರನ್ನು ಮತ್ತೆ ಆರಂಭಿಸಿದರೆ ತಡೆ ತೆರವಾಗುತ್ತದೆ. ಇಷ್ಟನ್ನು ನೀವೇ ಮಾಡಿ ಕೊಡುವುದು ಒಳ್ಳೆಯದು, ಶಿಕ್ಷಕರಿಗೆ ಬಿಡಬೇಡಿ.

‘ವಿಶಾಲಪಟ್ಟಿ’ಯನ್ನು ದಯವಿಟ್ಟು ಕೈಬಿಡಿ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎಂದರೆ ಇಷ್ಟು ವೇಗ ಎಂದು ಸರ್ಕಾರವೇ ಗೊತ್ತುಮಾಡುತ್ತದೆ: 2004ರಲ್ಲಿ ಕನಿಷ್ಠ 256 ಕೆಬಿಪಿಎಸ್ ಇದ್ದದ್ದು 2013ರಲ್ಲಿ 512 ಆಯಿತು, 2023ರಲ್ಲಿ 2 ಎಂಬಿಪಿಎಸ್ ಆಯಿತು. ಪದದೊಳಗಿನ ‘ಪಟ್ಟಿ’ ಅರ್ಥ ಕಳೆದುಕೊಂಡು ಎಷ್ಟೋ ಕಾಲವಾಗಿದೆ. ಅದನ್ನು ಈಗ ಅನುವಾದಿಸಿದರೆ ನಿಜವಾದ ಬ್ಯಾಂಡ್‌ನ ಮಾತು ಬಂದಾಗ ಗೊಂದಲವಾಗುತ್ತದೆ. ಆ ಮಾತು ಬಂದೇ ಬರುತ್ತದೆ. ಜಿಯೊ 850, 1800 ಮತ್ತು 2300 ಮೆಗಾಹರ್ಟ್ಸ್‌ಗಳಲ್ಲಿ, ಅಂದರೆ 5, 3 ಮತ್ತು 40ನೆಯ ಬ್ಯಾಂಡ್‌ಗಳಲ್ಲಿ 4ಜಿ ಕೊಡುತ್ತದೆ. ಇಎಂ7455ರಲ್ಲಿ ಬ್ಯಾಂಡ್ 40 ಇಲ್ಲ, 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಕೂಡ ಇಲ್ಲ. ಏಷ್ಯಾಕ್ಕಾಗಿ ಮಾಡಿದ ಇಎಂ7430ರಲ್ಲಿ ಎರಡೂ ಇವೆ. ಪಕ್ಕದಲ್ಲಿಟ್ಟ ಫೋನಿಗೆ ಸಿಗುವ ಸಂಕೇತ ಲ್ಯಾಪ್‌ಟಾಪಿಗೆ ಏಕೆ ಸಿಗದೆಂದು ಮಲೆನಾಡಿನಲ್ಲಿ ಖಂಡಿತ ಕೇಳುತ್ತಾರೆ. ಉತ್ತರ ಹೇಳಲು ‘ಬ್ಯಾಂಡ್ 40’, ‘ಬ್ಯಾಂಡ್ 28’ ಎಂಬಂಥ ಮಾತು ಬೇಕು.

———

ತುಮಕೂರಿನಿಂದ:

> ಪದದೊಳಗಿನ ‘ಪಟ್ಟಿ’ ಅರ್ಥ ಕಳೆದುಕೊಂಡು ಎಷ್ಟೋ ಕಾಲವಾಗಿದೆ

ಇಂಗ್ಲಿಷಿನ ಪದ ಅರ್ಥ ಕಳೆದುಕೊಂಡರೂ ಅದನ್ನೇ ಇಟ್ಟುಕೊಳ್ಳಬೇಕು, ಕನ್ನಡದ ಪದ ಮಾತ್ರ ಮೊದಲ ದಿನದಿಂದಲೇ ಪೂರ್ತಿ ಅರ್ಥ ಕೊಡಬೇಕು ಎನ್ನುವುದು ನ್ಯಾಯವಲ್ಲ. ಬ್ರಾಡ್‌ಬ್ಯಾಂಡ್, ಮೊಬೈಲ್, ಮೋಡೆಮ್, ಸ್ಕ್ರಿಪ್ಟ್ ಎಲ್ಲವನ್ನೂ ಹಾಗೆಯೇ ಬಿಟ್ಟರೆ ಕೈಪಿಡಿಯಲ್ಲಿ ಕನ್ನಡವಾಗಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ‘ತಡೆ ತೆರವು’ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪುವುದಿಲ್ಲ.

———

ಧಾರವಾಡದಿಂದ:

ಎರವಲನ್ನು ಕಂಡು ಇಷ್ಟು ಅಂಜುವ ಕಾರಣವಿಲ್ಲ. ಅರ್ಜಿ, ಜಮೀನು ಇಂಥವು ಪಾರಸಿ, ಅರಬ್ಬಿಗಳಿಂದ ಬಂದು ನಮ್ಮವಾಗಿವೆ. ನಮ್ಮ ಭಾಗದಲ್ಲಿ ಬೀಗದ ಕೈಗೆ ಹೇಳುವ ‘ಚಾವಿ’ ಪೋರ್ಚುಗೀಸರದ್ದು. ಅದನ್ನು ಕೈಯಲ್ಲಿ ಹಿಡಿದವರಿಗೆ ಪರಭಾಷೆಯೆಂದು ಅನ್ನಿಸುವುದಿಲ್ಲ.

ಆದರೆ ಸಾಗರದವರಿಗೆ ಒಂದು ಎಚ್ಚರಿಕೆ. ಕೈಪಿಡಿಯಲ್ಲಿ ಎಲ್ಲಿಯೂ ‘ಕೀಲಿ’ ಎಂಬ ಪದ ಬಳಸಬೇಡಿರಿ. ಕೀಲಿಮಣೆ, ಕೀಲಿಪದ ಎನ್ನುವಾಗ ಗಣಕದವರು ಅದನ್ನು ಬೀಗದ ಕೈ ಎಂಬ ಅರ್ಥದಲ್ಲಿ ತೆಗೆದುಕೊಳ್ಳುತ್ತಾರೆ. ನಮ್ಮ ಕಡೆ ‘ಬಾಗಿಲಿಗೆ ಕೀಲಿ ಹಾಕು’ ಎಂದರೆ ಬೀಗ ಹಾಕು ಎಂದರ್ಥ. ವರ್ಗವಾಗಿ ನಿಮ್ಮಲ್ಲಿಗೆ ಬಂದ ನಮ್ಮ ಕಡೆಯ ಶಿಕ್ಷಕರು ಅದನ್ನು ತಿರುವುಮುರುವಾಗಿ ಓದುತ್ತಾರೆ.

———

ಸಾಗರದಿಂದ:

ಎಲ್ಲರಿಗೂ ವಂದನೆಗಳು. ನಿಮ್ಮ ಸಲಹೆಗಳನ್ನು ಇಟ್ಟುಕೊಂಡು ಆ ಪುಟವನ್ನು ಹೀಗೆ ತಿದ್ದಿದ್ದೇನೆ.

“ಈ ಲ್ಯಾಪ್‌ಟಾಪಿನ ಒಳಗೆ ಮೊಬೈಲ್ ಮೋಡೆಮ್ ಇದೆ. ಸಿಮ್ ಹಾಕಿದ ಮೇಲೆ ಪರದೆಯು ಪಿನ್ ಕೇಳಿದರೆ ಮಾತ್ರ ಪಿನ್ ನಮೂದಿಸಿ, ಗೊತ್ತಿಲ್ಲದಿದ್ದರೆ ಊಹಿಸಿ ನಮೂದಿಸಬೇಡಿ. ಎಫ್‌ಸಿಸಿ ತಡೆಯನ್ನು ನಾವು ತೆರವು ಮಾಡಿದ್ದೇವೆ. ಮೋಡೆಮ್ ಬದಲಿಸಿದರೆ ಅಥವಾ ಡೆಬಿಯನ್ನನ್ನು ಹೊಸದಾಗಿ ಹಾಕಿದರೆ ಮತ್ತೆ ತೆರವು ಮಾಡಬೇಕಾಗುತ್ತದೆ. ಸಂಪರ್ಕ ಸಿಗದಿದ್ದರೆ ರೇಡಿಯೊಗೆ ತಡೆ ಇದೆಯೇ ಎಂದು ನೋಡಿ, ಇದ್ದರೆ ತಡೆ ತೆಗೆಯಿರಿ.”

ಕೊನೆಯ ವಾಕ್ಯ, ರೇಡಿಯೊ ಆನ್ ಇದೆಯೋ ಆಫ್ ಇದೆಯೋ ಎಂದು ತಿಳಿಸುವ ಆರ್‌ಎಫ್‌ಕಿಲ್ ಎಂಬ ಲಿನಕ್ಸ್ ಸಲಕರಣೆ ತೋರಿಸುವ ‘ಬ್ಲಾಕ್ಡ್’ಗೆ ಸಂಬಂಧಿಸಿದ್ದು. ಅದನ್ನೂ ‘ತಡೆ’ ಎಂದು ಬರೆಯಬಹುದೇ? ಕಂಪನಿಯ ಅಂತರ್ಜಾಲಕ್ಕೆ ಸೇರಲು ಮೋಡೆಮ್‌ಗೆ ಕೊಡುವ ಹೆಸರಾದ ‘ಎಪಿಎನ್’ ಅನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಶುದ್ಧಗನ್ನಡದ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೆ ಶಿಕ್ಷಕರ ಫೋನಿನಲ್ಲಿಯೂ, ಸಿಮ್ ಅಂಗಡಿಯಲ್ಲಿಯೂ ಅದೇ ಹೆಸರಿರುವುದರಿಂದ ಬದಲಿಸಲು ಮನಸ್ಸಾಗಲಿಲ್ಲ.

———

ಬೆಂಗಳೂರಿನಿಂದ:

ಆರ್‌ಎಫ್‌ಕಿಲ್‌ಗೆ ‘ತಡೆ’ ಬೇಡ. ಎಫ್‌ಸಿಸಿಯದನ್ನು ಬೇರೆ ಮಾಡಲು ಇಷ್ಟೆಲ್ಲ ಚರ್ಚಿಸಿ, ಮತ್ತೆ ಎರಡನ್ನು ಒಂದೇ ಹೆಸರಿಗೆ ತಂದಂತಾಗುತ್ತದೆ. ಆರ್‌ಎಫ್‌ಕಿಲ್‌ನಲ್ಲಿ ‘ಹಾರ್ಡ್’ ಎಂದಿದ್ದರೆ ಯಂತ್ರದ ಗುಂಡಿ ಅಥವಾ ಬಯೋಸ್ ರೇಡಿಯೊವನ್ನು ನಿಲ್ಲಿಸಿದೆ, ಅದನ್ನು ಅಲ್ಲಿಯೇ ಸರಿಪಡಿಸಬೇಕು. ‘ಸಾಫ್ಟ್’ ಎಂದಿದ್ದರೆ ತಂತ್ರಾಂಶ ನಿಲ್ಲಿಸಿದೆ, ಏರೋಪ್ಲೇನ್ ಮೋಡ್ ತೆಗೆದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಎರಡಕ್ಕೂ ‘ರೇಡಿಯೊ ಆಫ್ ಆಗಿದೆ’ ಎನ್ನಿ, ಎಲ್ಲಿ ಆನ್ ಮಾಡಬೇಕೆಂಬುದನ್ನು ಪಕ್ಕದಲ್ಲೇ ಹೇಳಿ. ‘ರೇಡಿಯೊ ಆರಿಸಲಾಗಿದೆ’ ಎಂದು ಬರೆಯುವ ಆಸೆ ನನಗೂ ಇತ್ತು. ಆದರೆ ಅದೇ ಕೈಪಿಡಿಯಲ್ಲಿ ‘ಪಟ್ಟಿಯಿಂದ ನಿಮ್ಮ ಕಂಪನಿಯನ್ನು ಆರಿಸಿ’ ಎಂಬ ವಾಕ್ಯವೂ ಇರುತ್ತದೆ. ದೀಪ ಆರಿಸುವುದೂ ಕಾಳು ಆರಿಸುವುದೂ ಒಂದೇ ಕ್ರಿಯಾಪದವಾಗಿರುವಾಗ ಇಲ್ಲಿ ‘ಆಫ್’ ಉಳಿಯಲಿ.

ಎಪಿಎನ್ ಬಗೆಗೆ ಇನ್ನೊಂದು ಮಾತು. ಹೆಸರು ಹೇಗಾದರೂ ಇರಲಿ, ಜಿಯೊನೆಟ್, ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್ ಎಂಬ ಮೌಲ್ಯಗಳನ್ನು ಮಾತ್ರ ಅಚ್ಚಿನಲ್ಲಿ ರೋಮನ್ ಲಿಪಿಯಲ್ಲೇ, ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಹಾಕಿಸಿ. ಅವನ್ನು ಕನ್ನಡ ಲಿಪಿಯಲ್ಲಿ ಮುದ್ರಿಸಿದರೆ ಶಿಕ್ಷಕರು ಕನ್ನಡದಲ್ಲೇ ಬೆರಳಚ್ಚಿಸುತ್ತಾರೆ, ಸಂಪರ್ಕ ಸಿಗುವುದಿಲ್ಲ. ಕರಡಚ್ಚು ಬಂದಾಗ ಆ ಸಾಲುಗಳನ್ನು ಇನ್ನೊಮ್ಮೆ ನೋಡಿ, ಅಕ್ಷರ ಜೋಡಿಸುವವರು ಕೆಲವೊಮ್ಮೆ ಅವನ್ನೂ ಕನ್ನಡಕ್ಕೆ ತಿರುಗಿಸಿಬಿಡುತ್ತಾರೆ.