ಅಂಗ್ವಿಲಾ ಸ್ವತಂತ್ರ ದೇಶವೇ? ಅದರ ಆದಾಯದ ಮೂಲ ಯಾವುದು?

ಪ್ರಶ್ನೆ:
ಕೃತಕ ಬುದ್ಧಿಮತ್ತೆಯ ಕಂಪನಿಗಳ ಜಾಲತಾಣಗಳಲ್ಲಿ ಕಾಣುವ 'ಡಾಟ್ ಎಐ' ವಿಳಾಸವು ಕೆರಿಬಿಯನ್ನಿನ ಅಂಗ್ವಿಲಾ ದ್ವೀಪದ್ದೆಂದು ಓದಿದೆ. ಅಲ್ಲಿ ಆಡಳಿತ ಯಾರದು, ಜನರು ಯಾವುದನ್ನು ನಂಬಿ ಬದುಕುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಅದು ಬ್ರಿಟನ್ನಿನ ಸಾಗರೋತ್ತರ ಪ್ರದೇಶ. ರಾಜಪ್ರತಿನಿಧಿಯಾಗಿ ಗವರ್ನರ್ ಇರುತ್ತಾರೆ. ದೈನಂದಿನ ಆಡಳಿತವು ಚುನಾಯಿತ ಪ್ರೀಮಿಯರ್ ಹಾಗೂ ಮಂತ್ರಿಗಳದ್ದು. ಇತಿಹಾಸ ಮಾತ್ರ ವಿಚಿತ್ರವಾದುದು. 1967ರಲ್ಲಿ ಸೇಂಟ್ ಕಿಟ್ಸ್ ಮತ್ತು ನೆವಿಸ್‌ಗಳೊಡನೆ ತಮ್ಮನ್ನು ಒಂದೇ ಆಡಳಿತಕ್ಕೆ ಒಳಪಡಿಸಿದ್ದನ್ನು ಒಪ್ಪದ ದ್ವೀಪವಾಸಿಗಳು ಸೇಂಟ್ ಕಿಟ್ಸ್‌ನ ಪೊಲೀಸರನ್ನು ಹೊರಗಟ್ಟಿದರು. 1969ರಲ್ಲಿ ಬ್ರಿಟಿಷ್ ಸೈನಿಕರು ಬಂದಿಳಿದಾಗ ಸಶಸ್ತ್ರ ಪ್ರತಿರೋಧವೇ ಎದುರಾಗಲಿಲ್ಲ, ಏಕೆಂದರೆ ಬಂಡೆದ್ದವರಲ್ಲಿ ಹಲವರಿಗೆ ಬೇಕಿದ್ದುದು ಬ್ರಿಟನ್ನಿನ ನೇರ ಆಳ್ವಿಕೆಯೇ! ಸೇಂಟ್ ಕಿಟ್ಸ್‌ನಿಂದ ಅಧಿಕೃತ ಪ್ರತ್ಯೇಕತೆ ದೊರೆತದ್ದು 1980ರಲ್ಲಿ.

ಉತ್ತರ 2:
ಭೂಗೋಳವನ್ನೂ ಸೇರಿಸುತ್ತೇನೆ. ವಿಸ್ತೀರ್ಣ ಸುಮಾರು 91 ಚದರ ಕಿಲೋಮೀಟರ್, ರಾಜಧಾನಿ ದಿ ವ್ಯಾಲಿ. ಸುಣ್ಣಕಲ್ಲಿನ ತಗ್ಗು ನೆಲ, ತೆಳುವಾದ ಮಣ್ಣು, ಕಡಿಮೆ ಮಳೆ. ಹೀಗಾಗಿ ನೆರೆಯ ದ್ವೀಪಗಳಂತೆ ಕಬ್ಬಿನ ತೋಟಗಳು ಇಲ್ಲಿ ಏಳಿಗೆ ಕಾಣಲಿಲ್ಲ. ಜನರಲ್ಲಿ ಬಹುಪಾಲು ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ವಂಶಸ್ಥರು. ಮೀನುಗಾರಿಕೆ, ಉಪ್ಪು ಮತ್ತು ದೋಣಿ ನಿರ್ಮಾಣ ಅವರ ಹಳೆಯ ಆಸರೆಗಳು. ಇಂದಿನ ಆಧಾರ ಐಷಾರಾಮಿ ಪ್ರವಾಸೋದ್ಯಮ. 2017ರ ಇರ್ಮಾ ಚಂಡಮಾರುತವು ಅದಕ್ಕೆ ಭಾರಿ ಪೆಟ್ಟು ಕೊಟ್ಟಿತ್ತು.

ಉತ್ತರ 3:
'ಡಾಟ್ ಎಐ' ವಿಳಾಸವು ದ್ವೀಪಕ್ಕೆ ದಕ್ಕಿದ್ದು ಕೇವಲ ದೇಶಸಂಕೇತದ (ಪ್ರತಿ ದೇಶ ಅಥವಾ ಪ್ರದೇಶಕ್ಕೆ ನೀಡುವ ಎರಡಕ್ಷರದ ಗುರುತಿನ) ಹಂಚಿಕೆಯಿಂದ, ಬುದ್ಧಿಮತ್ತೆಯ ನಂಟಿನಿಂದಲ್ಲ. ಆದರೂ 2023ರಲ್ಲಿ ಸರ್ಕಾರದ ಆದಾಯದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಅದರ ನೋಂದಣಿ ಶುಲ್ಕದಿಂದಲೇ ಬಂದಿತು. ಚಂಡಮಾರುತಕ್ಕೆ ಅಲುಗದ ಆದಾಯವೆಂಬುದೇ ಅದರ ಹೆಚ್ಚುಗಾರಿಕೆ ಎಂದು ನನ್ನ ಅಭಿಪ್ರಾಯ.